ಗುಂಗಿಹುಳದ ಬೆನ್ನಿಗೆ ಬಿಳಿ ಚುಕ್ಕೆ

"ಹುಳಾನೂ ಗಡಿ ನೋಡಿ ಹಾರ್ತಾವೇನ್ರಿ?"

ಕೀಟಶಾಸ್ತ್ರದ ಗೆಳೆಯ ನನ್ನ ಕುರ್ಚಿಯ ಹಿಂದೆ ನಿಂತು ಹೀಗೆ ಕೇಳಿದ. ಗೋಕಾಕದ ನಮ್ಮ ಸಣ್ಣ ಕಚೇರಿಯ ಪರದೆಯ ಮೇಲೆ ಚಿತ್ರ ಎರಡು ಹೋಳಾಗಿ ನಿಂತಿತ್ತು. ಎಡಕ್ಕೆ ಚುಕ್ಕೆಗಳ ಒಂದು ದೊಡ್ಡ ಗುಂಪು, ಬಲಕ್ಕೆ ಇನ್ನೊಂದು. ನಡುವೆ ಅಲ್ಲೊಂದು ಇಲ್ಲೊಂದು ತೆಳ್ಳನೆಯ ಗೆರೆ.

ಒಂದೊಂದು ಚುಕ್ಕೆಯೂ ಒಂದೊಂದು ಜಾಗ. ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ಹೊಲಗಳು, ಕಾಲುವೆಯ ದಂಡೆಗಳು, ರಸ್ತೆಬದಿಯ ಹೊಂಗೆ ಸಾಲುಗಳು, ಮಡ್ಡಿ ಎನ್ನುವ ಕಲ್ಲುದಿಬ್ಬಗಳು. ಒಂದೇ ಜಾತಿಯ ಹುಳ ಒಂದೇ ಜಾತಿಯ ಗಿಡದ ಹೂವಿನ ಮೇಲೆ ಎರಡು ಜಾಗಗಳಲ್ಲಿ ಕಂಡರೆ ಆ ಎರಡು ಚುಕ್ಕೆಗಳ ನಡುವೆ ಕಂಪ್ಯೂಟರು ಒಂದು ಗೆರೆ ಎಳೆಯುತ್ತದೆ. ಹೀಗೆ ಸಾವಿರಾರು ಗೆರೆಗಳು ಸೇರಿ ಒಂದು ಜಾಲವಾಗುತ್ತದೆ. ಯಾವ ಜಾಗ ಯಾವುದರ ಜೊತೆ ಹುಳಗಳನ್ನು ಹಂಚಿಕೊಂಡಿದೆ, ಯಾವ ಜಾಗ ಹೋದರೆ ಜಾಲ ಹರಿಯುತ್ತದೆ ಎಂದು ಆ ಜಾಲವನ್ನು ಕೆದಕಿ ಹೇಳುವುದು ನನ್ನ ಕೆಲಸ. ನಾನು ಓದಿದ್ದು ಕಂಪ್ಯೂಟರು. ಹುಳಗಳ ವಿಷಯ ಅಷ್ಟಕ್ಕಷ್ಟೇ. ಮಗಳೇನು ಮಾಡುತ್ತಾಳೆ ಎಂದು ಮೂಡಲಗಿಯಲ್ಲಿ ಯಾರಾದರೂ ಕೇಳಿದರೆ ನಮ್ಮವ್ವ, "ಗಿಡಕ್ಕೂ ಹುಳಕ್ಕೂ ಬೀಗತನಾ ಹುಡಕ್ತಾಳ್ರಿ" ಎಂದು ಹೇಳಿ ಮುಗಿಸಿಬಿಡುತ್ತಿದ್ದಳು. ನಾನು ಅದಕ್ಕಿಂತ ಚೆನ್ನಾಗಿ ಇವತ್ತಿಗೂ ಹೇಳಲಾರೆ.

ಆ ಎರಡು ಹೋಳಿನ ಚಿತ್ರ ನಮ್ಮ ಕೈಗೆ ಬಂದದ್ದು ಸರಿಯಾದ ಹೊತ್ತಿನಲ್ಲಲ್ಲ. ಘೋಡಗೇರಿಯ ದಾರಿಯಲ್ಲಿ ಒಂದು ಹಳ್ಳಿ; ಹೆಸರು ಬೇಡ. ಊರ ಹಿಂದೆ ಒಂದು ಕಲ್ಲು ಮಡ್ಡಿ, ಮಡ್ಡಿಯ ಕೆಳಗೆ ಬದನೆಯ ಹೊಲಗಳು. ಅಲ್ಲಿ ಬದನೆ ಬೆಳೆಯುವ ಹೆಣ್ಣುಮಗಳೊಬ್ಬರು ನಮಗಾಗಿ ತಮ್ಮ ಹೊಲದ ಹೂವಿಗೆ ಬರುವ ಹುಳಗಳ ಫೋಟೊ ತೆಗೆದು ಕಳಿಸುತ್ತಿದ್ದರು. ನಾನು ಅವರನ್ನು ಅಕ್ಕಾರ ಎನ್ನುತ್ತಿದ್ದೆ. ಆ ವರ್ಷ ಅವರು ಫೋನು ಮಾಡಿದಾಗಲೆಲ್ಲ ಅದೇ ಮಾತು: "ಹೂ ಏನ್ ಚಂದ ಬಿಡ್ತೈತಿ ತಂಗಿ. ಕಾಯಿ ಹಿಡ್ಯಾಕ ಒಲ್ಲದು." ಅದೇ ಹೊತ್ತಿಗೆ ಪಂಚಾಯ್ತಿಯವರು ಮಡ್ಡಿ ಖಾಲಿ ಬಿದ್ದಿದೆಯೆಂದು ಅದರ ಕುರುಚಲು ಕಂಟಿಗಳನ್ನೆಲ್ಲ ಯಂತ್ರ ಹಚ್ಚಿ ಸವರಿ, ಅಲ್ಲಿ ಸಸಿ ನೆಡಬೇಕೆಂದಿದ್ದರು. ಅವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಊರಿಗೆ ನೆರಳಾಗಲಿ ಎಂದೇ ಹೊರಟವರು. ಸಸಿಗಳೂ ಬಂದು ಕನ್ನಡ ಸಾಲಿಯ ಗೋಡೆಯ ನೆರಳಿನಲ್ಲಿ ಕುಳಿತಿದ್ದವು. ಆದರೂ ಅಧ್ಯಕ್ಷರು ಎಚ್ಚರದ ಮನುಷ್ಯ. ಗ್ರಾಮಸಭೆಗೆ ಮುಂಚೆ ನಮ್ಮ ಯೋಜನೆಯ ಮುಖ್ಯಸ್ಥೆಗೆ ಫೋನು ಮಾಡಿ, "ಮಡ್ಡಿ ಮ್ಯಾಲಿನ ಕಂಟಿ ತಗದ್ರ ಹೊಲಕ್ಕೇನರ ತೊಂದ್ರಿ ಐತೇನ್ರಿ ಮೇಡಮ್ಮಾರ?" ಎಂದು ಕೇಳಿದ್ದರು.

ನನ್ನ ಚಿತ್ರದ ಪ್ರಕಾರ ಯಾವ ತೊಂದರೆಯೂ ಇರಲಿಲ್ಲ. ಮಡ್ಡಿ ಬಲಗಡೆಯ ಗುಂಪಿನಲ್ಲಿತ್ತು, ಬದನೆ ಹೊಲಗಳು ಎಡಗಡೆಯಲ್ಲಿ. ಎರಡಕ್ಕೂ ಸಂಬಂಧವೇ ಇಲ್ಲ.

ನಮ್ಮ ಮುಖ್ಯಸ್ಥೆ ಮೈಸೂರು ಕಡೆಯವರು, ಸಸ್ಯಶಾಸ್ತ್ರದ ಪ್ರೊಫೆಸರು. ಚಿತ್ರ ನೋಡಿ ಅವರು ಸಮಾಧಾನವಾಗಿ ಹೇಳಿದರು: "ಇದು ಸಹಜ ಕಣ್ರೀ. ಒಂದು ಕಡೆ ಕಾಲುವೆ ನೀರು, ಇನ್ನೊಂದು ಕಡೆ ಒಣ ಕಲ್ಲು. ತೇವದ ಜಾಗದ ಹುಳಗಳು ಬೇರೆ, ಒಣ ಜಾಗದ್ದು ಬೇರೆ. ಅದನ್ನೇ ತೋರಿಸ್ತಿದೆ."

ಮಾತು ಎಷ್ಟು ಒಪ್ಪವಾಗಿತ್ತೆಂದರೆ ನಾನು ಅದನ್ನೇ ವರದಿಗೆ ಟೈಪು ಮಾಡತೊಡಗಿದ್ದೆ. ನಡುವೆ ಸುಮ್ಮನೆ ಒಂದು ಚುಕ್ಕೆಯ ಮೇಲೆ ಕೈಯಿಟ್ಟೆ. ಯಮಕನಮರಡಿ ಹತ್ತಿರದ ಒಂದು ಹೊಲ. ಅಲ್ಲಿಗೆ ಕಾಲುವೆ ನೀರಿಲ್ಲ, ಮಳೆ ನಂಬಿದ ಭೂಮಿ. ಆದರೂ ಅದು ಎಡಗಡೆಯ ತೇವದ ಗುಂಪಿನಲ್ಲಿ ಆರಾಮಾಗಿ ಕುಳಿತಿತ್ತು. ಬಲಗಡೆಯ ಒಣ ಗುಂಪಿನಲ್ಲಿ ಹುಡುಕಿದೆ. ಮೂಡಲಗಿಯ ಒಂದು ಕಾಲುವೆ ದಂಡೆ ಸಿಕ್ಕಿತು, ವರ್ಷವಿಡೀ ಕೆಸರಿರುವ ಜಾಗ. ನಾನು ಟೈಪು ಮಾಡಿದ್ದನ್ನು ಅಳಿಸಿದೆ.

ಆಮೇಲೆ ಶುರುವಾಯಿತು ಬಣ್ಣ ಹಚ್ಚುವ ಕೆಲಸ. ಒಂದೇ ಚಿತ್ರಕ್ಕೆ ಬೇರೆ ಬೇರೆ ಲಕ್ಷಣಗಳ ಪ್ರಕಾರ ಬಣ್ಣ ಕೊಟ್ಟು, ಎರಡು ಹೋಳಿಗೆ ಯಾವುದು ಹೊಂದುತ್ತದೆ ಎಂದು ನೋಡುವುದು. ತಾಲೂಕಿನ ಪ್ರಕಾರ ಹಚ್ಚಿದೆ, ಕಲಸುಮೇಲೋಗರವಾಯಿತು. ಮಣ್ಣಿನ ಪ್ರಕಾರ, ಬೆಳೆಯ ಪ್ರಕಾರ, ತಿಂಗಳ ಪ್ರಕಾರ, ಊರಿನಿಂದ ಇರುವ ದೂರದ ಪ್ರಕಾರ ಹಚ್ಚಿದೆ. ಯಾವುದೂ ಕೂಡಲಿಲ್ಲ. ಚಹಾ ತರಿಸಿ ಕುಡಿದೆವು. ಕೊನೆಗೆ ಏನೂ ಉಳಿಯಬಾರದೆಂದು, ಮಾಹಿತಿ ಕಳಿಸಿದವರು ಯಾರು ಎಂಬುದರ ಪ್ರಕಾರ ಬಣ್ಣ ಕೊಟ್ಟೆ.

ಎಡಗಡೆ ಪೂರಾ ಹಸಿರು, ಬಲಗಡೆ ಪೂರಾ ಕೆಂಪು. ಹೊಲಗಳ ಮಾಹಿತಿ ಕಳಿಸಿದವರು ಬೆಳೆಗಾರ ಹೆಣ್ಣುಮಕ್ಕಳು. ಮಡ್ಡಿ, ರಸ್ತೆ, ಕಾಲುವೆ ದಂಡೆಗಳದ್ದು ಕಾಲೇಜು ವಿದ್ಯಾರ್ಥಿಗಳು. ನಾವು ಹುಳಗಳ ಜಾಲ ಹೆಣೆದಿದ್ದೇವೆ ಎಂದುಕೊಂಡಿದ್ದೆವು. ಹೆಣೆದದ್ದು ನೋಡಿದವರ ಜಾಲ!

ನಾನು ಗಟ್ಟಿಯಾಗಿ ನಕ್ಕುಬಿಟ್ಟೆ.

"ಇಷ್ಟು ದಿನದ ಕೆಲಸಾ ಕೆಟ್ಟೈತಿ, ನೀವು ನಗಾಕತ್ತೀರಿ," ಎಂದ ಗೆಳೆಯ.

"ಎಲ್ಲಿ ಕೆಟ್ಟೈತಿ ಅಂತ ಗೊತ್ತಾತಲ್ರಿ. ಅದಕ್ಕ ನಗಾಕತ್ತೇನಿ."

ಹುಳಗಳ ಹೆಸರಿನಲ್ಲಿ ತಪ್ಪಾಗುವಂತಿರಲಿಲ್ಲ. ಫೋಟೊ ನೋಡಿ ಎಲ್ಲ ಹುಳಗಳಿಗೂ ಹೆಸರು ಕೊಟ್ಟವನು ಗೆಳೆಯ ಒಬ್ಬನೇ. ಗಿಡದ ಹೆಸರು ಮಾತ್ರ ಕಳಿಸಿದವರು ತಮಗೆ ಗೊತ್ತಿದ್ದಂತೆ ಬರೆಯುತ್ತಿದ್ದರು. ಕಾಗುಣಿತದ ಏರುಪೇರುಗಳನ್ನು ನಾನು ಮೊದಲೇ ಸರಿಮಾಡಿದ್ದೆ. ಆದರೆ ಹೆಸರೇ ಬೇರೆಯಾದರೆ? ಜಾಲದೊಳಗೆ ಹೋಗುವ ಹೊತ್ತಿಗೆ ಹೆಸರುಗಳೆಲ್ಲ ಅಂಕಿಗಳಾಗಿರುತ್ತವೆ. ಅಂಕಿಯನ್ನು ನೋಡಿ ಗಿಡ ಗುರುತಿಸುವುದು ಯಾರಿಗೂ ಸಾಧ್ಯವಿಲ್ಲ. ಅದನ್ನು ಜಾಲದಿಂದಲೇ ಹುಡುಕಬೇಕಿತ್ತು. ಎರಡು ಗಿಡಗಳ ಹೆಸರು ಬೇರೆ, ಒಂದನ್ನು ಬರೆದ ಗುಂಪು ಇನ್ನೊಂದನ್ನು ಎಂದೂ ಬರೆದಿಲ್ಲ, ಆದರೆ ಎರಡಕ್ಕೂ ಬರುವ ಹುಳಗಳ ಪರಿವಾರ ಒಂದೇ. ಅಂಥ ಜೋಡಿಗಳನ್ನು ಆರಿಸಿ ಕೊಡು ಎಂದು ಪ್ರೋಗ್ರಾಮು ಬರೆದೆ.

ಮರುದಿನ ಬೆಳಿಗ್ಗೆ ಮೊದಲ ಜೋಡಿ ಬಂತು: ತಂಗಡಿ, ಹೊನ್ನಂಬರಿ.

"ತಂಗಡಿ ಗೊತ್ತು. ಈ ಹೊನ್ನಂಬರಿ ಯಾವುದು?" ಎಂದರು ಪ್ರೊಫೆಸರ್.

"ಹೊನ್ನಂಬರಿ ನನಗ ಗೊತ್ತೈತ್ರಿ ಮೇಡಮ್. ಸಣ್ಣಾಕಿದ್ದಾಗಿಂದ ನೋಡೇನಿ. ತಂಗಡಿ ಯಾವುದು?"

ಎರಡರ ಫೋಟೊಗಳನ್ನೂ ಪರದೆಯ ಮೇಲೆ ಅಕ್ಕಪಕ್ಕ ಇಟ್ಟೆವು. ಅದೇ ಹಳದಿ ಹೂವು, ಅದೇ ಚಪ್ಪಟೆ ಕಾಯಿ. ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಪ್ರೊಫೆಸರ್ ಕನ್ನಡಕ ತೆಗೆದು ಕಣ್ಣು ಒರೆಸಿಕೊಳ್ಳುವಷ್ಟು ನಕ್ಕರು. ಹೆಣ್ಣುಮಕ್ಕಳ ಹೊಲದ ಬದುವಿನಲ್ಲಿ ಹೊನ್ನಂಬರಿ, ವಿದ್ಯಾರ್ಥಿಗಳ ಮಡ್ಡಿಯಲ್ಲಿ ತಂಗಡಿ. ಒಂದೇ ಗಿಡ ನಮ್ಮ ಕಂಪ್ಯೂಟರಿನಲ್ಲಿ ಎರಡು ಸಂಸಾರ ಹೂಡಿತ್ತು.

ಇನ್ನಷ್ಟು ಜೋಡಿಗಳು ಬಂದವು. ಬಾರಿಹಣ್ಣಿನ ಗಿಡವೂ ಬೋರೆಹಣ್ಣಿನ ಗಿಡವೂ ಒಂದಾದವು. ಆಮೇಲೆ ಯಂತ್ರ ಹುಮ್ಮಸ್ಸಿನಲ್ಲಿ ತೊಗರಿಯನ್ನೂ ಸೆಣಬನ್ನೂ ಒಂದೇ ಎಂದು ತೋರಿಸಿತು. ಎರಡಕ್ಕೂ ಹೆಚ್ಚುಕಡಿಮೆ ಅದೇ ಹುಳಗಳು ಬರುತ್ತವಂತೆ. "ನಿಮ್ಮ ಯಂತ್ರಕ್ಕೆ ಸಾರಿಗೂ ಹಗ್ಗಕ್ಕೂ ವ್ಯತ್ಯಾಸ ಗೊತ್ತಿಲ್ಲ ನೋಡಿ!" ಎಂದರು ಪ್ರೊಫೆಸರ್. ಆಗಿನಿಂದ ಒಂದು ಕಟ್ಟಳೆ ಮಾಡಿಕೊಂಡೆವು: ಯಂತ್ರ ಜೋಡಿ ತೋರಿಸಬಹುದು, ಆದರೆ ಫೋಟೊ ನೋಡಿ ಪ್ರೊಫೆಸರ್ ಹೂಂ ಎನ್ನದೆ ಯಾವುದನ್ನೂ ಕೂಡಿಸುವಂತಿಲ್ಲ.

ಹೆಸರುಗಳು ಸರಿಯಾದ ಮೇಲೆ ಜಾಲವನ್ನು ಹೊಸದಾಗಿ ಹೆಣೆಸಿದೆ. ಎರಡು ಹೋಳುಗಳು ಪರದೆಯ ಮೇಲೆ ನಿಧಾನವಾಗಿ ಒಂದರತ್ತ ಒಂದು ಸರಿದು ಕೂಡಿಕೊಂಡವು. ಆಮೇಲೆ ಒಂದೊಂದೇ ಚುಕ್ಕೆಯನ್ನು ತೆಗೆದು ನೋಡುವ ಪರೀಕ್ಷೆ. ಬಹಳಷ್ಟು ಜಾಗಗಳನ್ನು ತೆಗೆದರೆ ಜಾಲಕ್ಕೆ ಏನೂ ಆಗಲಿಲ್ಲ. ಬೇರೆ ದಾರಿಗಳು ಇದ್ದೇ ಇದ್ದವು. ಆ ಮಡ್ಡಿಯನ್ನು ತೆಗೆದೆ. ಕೆಳಗಿನ ಬದನೆ ಹೊಲಗಳು, ಅಕ್ಕಾರ ಹೊಲವೂ ಸೇರಿ, ಗೊಂಚಲಾಗಿ ಕಳಚಿಬಿದ್ದವು.

ಗೆಳೆಯ ಕುರ್ಚಿ ಎಳೆದುಕೊಂಡು ಹತ್ತಿರ ಬಂದ. ಆ ಹೊಲಗಳನ್ನು ಮಡ್ಡಿಗೆ ಕಟ್ಟಿದ್ದ ಹುಳ ಯಾವುದೆಂದು ನೋಡಿದೆವು. ಗುಂಗಿಹುಳ. ಹೆಬ್ಬೆರಳಿನ ತುದಿಯಷ್ಟು ದಪ್ಪದ, ಕಪ್ಪು ಮೈಯ, ನೀಲಿ ಮಿಂಚಿನ ರೆಕ್ಕೆಯ ದುಂಬಿ. ಒಣಮರ ಕೊರೆದು ಗೂಡು ಮಾಡುತ್ತದೆ. ಅವನು ನನಗೆ ತಿಳಿಯುವಂತೆ ವಿವರಿಸಿದ. ಬದನೆ ಹೂವಿನ ಪರಾಗ ಸಣ್ಣ ಕೊಳವೆಗಳೊಳಗೆ ಇರುತ್ತದೆ. ಕೊಳವೆಯ ತುದಿಯಲ್ಲಿ ಸೂಜಿಮೊನೆಯಂಥ ರಂಧ್ರ. ಸಾಮಾನ್ಯ ಜೇನುನೊಣಕ್ಕೆ ಅದನ್ನು ಹೊರಗೆ ತೆಗೆಯಲು ಬಾರದು. ಗುಂಗಿಹುಳ ಹೂವನ್ನು ತಬ್ಬಿ ಹಿಡಿದು ಮೈಯನ್ನು ಜೋರಾಗಿ ನಡುಗಿಸುತ್ತದೆ, ಪರಾಗ ಚಿಮ್ಮುತ್ತದೆ. ಹೊನ್ನಂಬರಿ ಹೂವಿಗೂ ಅಂಥದೇ ಬೀಗ. ಗಾಳಿಗೂ ಬದನೆ ಒಂದಿಷ್ಟು ಕಾಯಿ ಕಟ್ಟುತ್ತದೆ, ಆದರೆ ಗುಂಗಿಹುಳ ಬಂದರೆ ಅದರ ಕಳೆಯೇ ಬೇರೆ. ಬದನೆ ಹೂವಿಲ್ಲದ ತಿಂಗಳುಗಳಲ್ಲಿ ಈ ಹುಳದ ಹೊಟ್ಟೆ ತುಂಬಿಸುವುದು ಮಡ್ಡಿಯ ಹೊನ್ನಂಬರಿ ಇರಬೇಕು. ಮಡ್ಡಿಯ ಕೆಳಗಿನ ಅಂಚನ್ನು ಹಿಂದಿನ ಬೇಸಿಗೆಯಲ್ಲೇ ಸವರಿದ್ದರು. ಆ ವರ್ಷ ಕಾಯಿ ಕಡಿಮೆಯಾದದ್ದಕ್ಕೆ ಅದೇ ಕಾರಣವೆಂದು ಆಣೆ ಮಾಡಿ ಹೇಳಲಾರೆ, ಮಳೆಯೂ ವಿಪರೀತವಾಗಿತ್ತು.

ನಾನು ಆಗಲೇ ಚಿತ್ರವನ್ನು ದೊಡ್ಡ ಹಾಳೆಯಲ್ಲಿ ಅಚ್ಚು ಹಾಕಿಸಿ ಗ್ರಾಮಸಭೆಗೆ ಒಯ್ಯುವ ಲೆಕ್ಕ ಹಾಕುತ್ತಿದ್ದೆ. ಪ್ರೊಫೆಸರ್ ತಡೆದರು.

"ಗೆರೆ ಇದೆ ಅಂದರೆ ಒಂದೇ ಜಾತಿಯ ಹುಳ ಎರಡೂ ಕಡೆ ಇದೆ ಅಂತ ಅಷ್ಟೆ. ಮಡ್ಡಿಯ ಹುಳವೇ ಹೊಲಕ್ಕೆ ಬಂತು ಅಂತ ನೀವು ಹೇಗೆ ಹೇಳ್ತೀರಿ?"

ಅವರ ಮಾತು ಖರೆ ಇತ್ತು. ಹಿಂದಿನ ಚಿತ್ರವೂ ನೋಡಲು ಇಷ್ಟೇ ಚೆಂದವಿತ್ತು, ಅದು ಸುಳ್ಳು ಹೇಳಿತ್ತು. ಸಭೆಯಲ್ಲಿ ಯಾರೂ ಇಂಥ ಪ್ರಶ್ನೆ ಕೇಳುವವರಲ್ಲ. ಬಣ್ಣದ ಹಾಳೆ ಬಿಚ್ಚಿದರೆ ಸಾಕು, ಎಲ್ಲರೂ ನಂಬುತ್ತಿದ್ದರು. ಅದೇ ನನಗೆ ಹೆದರಿಕೆ ಹುಟ್ಟಿಸಿತು. ನಾನು ಹೇಳಿದೆ: "ಹಂಗಾರ ಚಿತ್ರಾ ಒಯ್ಯೂದು ಬ್ಯಾಡ್ರಿ ಮೇಡಮ್. ಮೊದಲ ಹುಳಾನ ಹಿಡದು ಕೇಳೂನು."

ಗುಂಗಿಹುಳವನ್ನು ಮಡ್ಡಿಯಲ್ಲಿ ಹಿಡಿದು, ಬೆನ್ನಿಗೆ ಬಣ್ಣದ ಚುಕ್ಕೆ ಇಟ್ಟು ಬಿಡುವುದು. ಅದು ಬದನೆ ಹೊಲದಲ್ಲಿ ಕಂಡರೆ ಗೆರೆ ನಿಜ. ಕಾಣದಿದ್ದರೆ ಕಂಡಿಲ್ಲ ಎಂದು ಸಭೆಗೆ ಹೇಳುವುದು. ಪ್ರೊಫೆಸರ್ ಒಪ್ಪಿ ಅಧ್ಯಕ್ಷರಿಗೆ ಫೋನು ಹಚ್ಚಿದರು. "ಸಭಾ ಒಂದೀಟು ಮುಂದ ಹಾಕ್ತೇನ್ರಿ," ಎಂದರು ಅವರು, "ಆದ್ರ ಭಾಳ ಲೇಟ್ ಮಾಡಬ್ಯಾಡ್ರಿ, ಸಸಿ ಕುಂಡ್ಯಾಗ ಎಷ್ಟ್ ದಿನಾ ಇರ್ತಾವು?"

ಬೆಳಗಿನ ಬಿಸಿಲು ಏರುವ ಮೊದಲೇ ನಾವು ಮಡ್ಡಿ ಹತ್ತಿದೆವು. ಬಲೆ ಬೀಸುವುದು ಗೆಳೆಯನ ಪಾಲು. ಬಾಟಲಿಯೊಳಗಿನ ಹುಳವನ್ನು ಬರ್ಫದ ತಣ್ಣನೆಯ ಡಬ್ಬಿಯಲ್ಲಿ ತುಸುಹೊತ್ತು ಇಟ್ಟು ಮಂಪರು ಬರಿಸುವುದು ನನ್ನದು. ಮಂಪರು ಬಂದ ಹುಳದ ಬೆನ್ನಿಗೆ ಸಣ್ಣ ಕಡ್ಡಿಯ ತುದಿಯಿಂದ ಬಣ್ಣ ಮುಟ್ಟಿಸಿ, ಬಿಸಿಲಿನ ಕಲ್ಲಿನ ಮೇಲೆ ಇಟ್ಟರೆ ಚೇತರಿಸಿಕೊಂಡು ಗುಂಯ್ ಎಂದು ಹಾರುತ್ತಿತ್ತು. ಹಾರಿದಾಗಲೆಲ್ಲ ನಾವಿಬ್ಬರೂ "ಹೋತು!" ಎಂದು ಕೂಗುತ್ತಿದ್ದೆವು. ದೂರದಿಂದ ಚೆನ್ನಾಗಿ ಕಾಣಲಿ ಎಂದು ಹಳದಿ ಬಣ್ಣ ಆರಿಸಿದ್ದೆವು.

ಕೆಳಗೆ ಅಕ್ಕಾರ ಹೊಲಕ್ಕೆ ಇಳಿದು ಕಾಯುತ್ತ ಕುಳಿತೆವು. ಸ್ವಲ್ಪ ಹೊತ್ತಿಗೇ ಅಕ್ಕಾರು ಕೈ ಎತ್ತಿದರು: "ಬಂತ್ ನೋಡು ತಂಗಿ, ಹಳದಿ!" ನಾನು ಎದ್ದು ನಿಂತೆ. ಇನ್ನೊಂದು ಸಾಲಿನಿಂದ ಇನ್ನೊಬ್ಬರು, "ಇಲ್ಲೂ ಹಳದಿ!" ಗೆಳೆಯ ಓಡಿಹೋಗಿ ನೋಡಿ ಸೋತ ಮುಖ ಮಾಡಿಕೊಂಡು ಬಂದ. ಹೂವಿನ ಪರಾಗವೂ ಹಳದಿ. ಹೂವಿನಲ್ಲಿ ಹೊರಳಿದ ಹುಳಗಳ ಮೈಯೆಲ್ಲ ಹಳದಿ. ನಾವು ಹಚ್ಚಿದ್ದು ಯಾವುದು, ಹೂವು ಹಚ್ಚಿದ್ದು ಯಾವುದು? ಅಷ್ಟು ದಿನ ಓದಿದವರು ಮೂವರು, ಒಬ್ಬರ ತಲೆಗೂ ಹೊಳೆದಿರಲಿಲ್ಲ. ಅಕ್ಕಾರು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಲೇ ಇದ್ದರು. ನಾವೂ ಅದೇ ನಗೆಗೆ ಸೇರಿಕೊಂಡೆವು.

ಮತ್ತೆ ಮಡ್ಡಿ. ಈ ಸಲ ಬಿಳಿ ಬಣ್ಣ. ಬಲೆಯಿಂದ ಬಾಟಲಿಗೆ ಹಾಕುವಾಗ ಒಂದು ಹುಳ ಗೆಳೆಯನ ಹೆಬ್ಬೆರಳಿಗೆ ಕುಟುಕಿತು. ಅವನು ಕುಣಿದಾಡುತ್ತಲೇ, "ಹೆಣ್ಣು! ಖಾತ್ರಿ ಆತು! ಗಂಡಿಗೆ ಮುಳ್ಳಿರೂದಿಲ್ಲ, ಬರಕೊಳ್ರಿ!" ಎಂದು ಕೂಗಿದ. ನಾನು ಬರೆದುಕೊಂಡೆ.

ಬಿಳಿ ಚುಕ್ಕೆಯ ಹುಳಗಳು ಮಾತ್ರ ಹೊಲದತ್ತ ಸುಳಿಯಲಿಲ್ಲ. ಮರುದಿನ ಬೆಳಿಗ್ಗೆಯೂ ಇಲ್ಲ. ಆಮೇಲೆ ಒಂದು ಜೋರು ಮಳೆ ಬಂತು. ಬಣ್ಣ ತೊಳೆದುಹೋಯಿತೋ ಎಂದು ನಾನು ಕೊರಗಿದೆ. ಮಳೆಗೆ ಹೋಗುವ ಬಣ್ಣವಲ್ಲ ಅದು ಎಂದು ಗೆಳೆಯ ಆಣೆ ಇಟ್ಟ. ಅಷ್ಟರಲ್ಲಿ ಅಕ್ಕಪಕ್ಕದ ಹೊಲಗಳ ಹೆಣ್ಣುಮಕ್ಕಳಿಗೂ ಇದು ಹಟದ ಆಟವಾಗಿತ್ತು. ಕಳೆ ಕೀಳುತ್ತ, ಕಾಯಿ ಹರಿಯುತ್ತ ಎಲ್ಲರ ಕಣ್ಣೂ ಹೂವಿನ ಮೇಲೆ. "ನಿನ್ನ ಹುಳಾ ನಮ್ಮ ಹೊಲಕ್ಕ ಬಂದ್ರ ನಾ ಕೊಡೂದಿಲ್ಲ ನೋಡವ್ವಾ," ಎಂದು ಬೇಲಿಯಾಚೆಯಿಂದ ಒಬ್ಬರು ಕೂಗಿದರೆ, "ನಿನ್ನ ಬದನಿ ನೋಡಿದ್ರ ಅದ ಓಡಿ ಬರ್ತೈತಿ ತಗೋ," ಎಂದು ಅಕ್ಕಾರು ಈಚೆಯಿಂದ.

ನಾನು ಮಾತ್ರ ಒಳಗೊಳಗೇ ತಯಾರಾಗುತ್ತಿದ್ದೆ. ಕಾಣದಿದ್ದರೆ ಏನು ಹೇಳುವುದು? "ನಮಗೆ ಗೊತ್ತಿಲ್ಲ" ಎಂದೇ ಹೇಳುವುದು. ಆ ವಾಕ್ಯವನ್ನು ಮನಸ್ಸಿನಲ್ಲಿ ತಿರುಗಿಸಿ ಮುರುಗಿಸಿ ನೋಡುತ್ತ ಒಂದು ಬೆಳಿಗ್ಗೆ ಸಾಲಿನ ನಡುವೆ ಕುಕ್ಕರಗಾಲಿನಲ್ಲಿ ಕುಳಿತಿದ್ದೆ.

ಮೊದಲು ಸದ್ದು ಕೇಳಿತು. ಹಾರುವ ಗುಂಯ್ ಸದ್ದು ಹತ್ತಿರ ಬಂದು ನಿಂತಿತು. ಆಮೇಲೆ ಅದೇ ಸದ್ದು ಒಮ್ಮೆಲೇ ಬಿಗಿಯಾಗಿ, ಚೂಪಾಗಿ, ತಂತಿ ಮೀಟಿದ ಹಾಗೆ ಎದ್ದಿತು. ಕಣ್ಣೆತ್ತಿದರೆ ನನ್ನ ಮುಂದಿನ ಗಿಡದಲ್ಲೇ ಒಂದು ನೇರಳೆ ಹೂವು ಗಡಗಡ ನಡುಗುತ್ತಿತ್ತು. ಹೂವಿಗೆ ಜೋತುಬಿದ್ದಿದ್ದ ಕರಿಯ ಬೆನ್ನಿನ ನಟ್ಟನಡುವೆ ಬಿಳಿ ಚುಕ್ಕೆ.

ಉಸಿರು ಬಿಟ್ಟರೆ ಹಾರೀತೆಂಬ ಭಯ. ಪಕ್ಕದಲ್ಲಿದ್ದ ಅಕ್ಕಾರ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಅವರು ನೋಡಿದರು. ಅವರಿಗೆ ಅಂಥ ಭಯವೇನೂ ಇರಲಿಲ್ಲ.

"ಬಂತವ್ವೋ! ಬಿಳೀ ಚುಕ್ಕಿದು ಬಂತೂ!"

ನಾಲ್ಕೂ ಕಡೆಯಿಂದ ಹೆಣ್ಣುಮಕ್ಕಳು ಸಾಲು ಹಾರಿ ಹಾರಿ ಓಡಿಬಂದರು. ಗೆಳೆಯ ಬಾತ ಹೆಬ್ಬೆರಳಲ್ಲೇ ಕ್ಯಾಮೆರಾ ಹಿಡಿದು ಕೆಸರಿನಲ್ಲಿ ಮೊಣಕಾಲೂರಿದ. ಪ್ರೊಫೆಸರ್ ಚಪ್ಪಲಿ ಬದುವಿನಲ್ಲೇ ಬಿಟ್ಟು ಬಂದರು. ಇಷ್ಟು ಗದ್ದಲದ ನಡುವೆ ಆ ಹುಳ ಮಾತ್ರ ತನ್ನ ಪಾಡಿಗೆ ತಾನು ಒಂದು ಹೂವು ಮುಗಿಸಿ ಇನ್ನೊಂದಕ್ಕೆ, ಅದನ್ನು ಮುಗಿಸಿ ಮತ್ತೊಂದಕ್ಕೆ ಹೋಗುತ್ತಿತ್ತು. ಎಷ್ಟೋ ತಿಂಗಳಿಂದ ಪರದೆಯ ಮೇಲೆ ಗೆರೆಗಳನ್ನು ನೋಡಿದವಳು ನಾನು. ಒಂದು ಗೆರೆ ರೆಕ್ಕೆ ಬಡಿಯುವುದನ್ನು ನೋಡಿದ್ದು ಅದೇ ಮೊದಲು. ಕಣ್ಣು ಮಂಜಾಗಿ ಉಳಿದದ್ದು ಸರಿಯಾಗಿ ಕಾಣಲಿಲ್ಲ.

ಹೊತ್ತೇರುವುದರೊಳಗೆ ಇನ್ನೂ ಕೆಲವು ಬಿಳಿ ಚುಕ್ಕೆಗಳು ಬಂದವು. ಬೇಲಿಯಾಚೆಯ ಹೊಲಕ್ಕೂ ಹೋದವು, ಜಗಳಕ್ಕೆ ಕಾರಣವೇ ಉಳಿಯಲಿಲ್ಲ. ಮಧ್ಯಾಹ್ನ ಬದುವಿನ ಮೇಲೆ ಎಲ್ಲರ ಬುತ್ತಿಯೂ ಬಿಚ್ಚಿತು. ಜೋಳದ ರೊಟ್ಟಿ, ಶೇಂಗಾ ಹಿಂಡಿ, ಎಣ್ಣೆಗಾಯಿ. ಪ್ರೊಫೆಸರಿಗೆ ಖಾರ ನೆತ್ತಿಗೇರಿ ಕಣ್ಣು ಮೂಗು ಎಲ್ಲ ಸೋರಿದರೂ ಇನ್ನೊಂದು ಬದನೆಕಾಯಿ ಬೇಕೆಂದರು.

ಗ್ರಾಮಸಭೆಗೆ ನಾವು ಚಿತ್ರವನ್ನೂ ಒಯ್ದೆವು, ಫೋಟೊಗಳನ್ನೂ ಒಯ್ದೆವು. ಹೆಚ್ಚು ಮಾತಾಡುವ ಪ್ರಸಂಗವೇ ಬರಲಿಲ್ಲ. ನಾನು ಜಾಲದ ಬಗ್ಗೆ ಹೇಳಲು ಶುರುಮಾಡಿದ್ದೆ, ಅಕ್ಕಾರು ಎದ್ದು ನಿಂತರು. "ಮಡ್ಡಿ ಮ್ಯಾಲೆ ಚುಕ್ಕಿ ಇಟ್ಟ ಹುಳಾ ನನ್ನ ಬದನಿಗೆ ಬಂದದ್ದು ನಾ ಕಣ್ಣಾರೆ ನೋಡೇನ್ರಿ. ಬೇಕಾದ್ರ ಇವರನ್ನೆಲ್ಲಾ ಕೇಳ್ರಿ." ಹಿಂದಿನ ಸಾಲುಗಳಿಂದ ಹೌದು ಹೌದು ಎಂಬ ಗಲಾಟೆ ಎದ್ದಿತು.

ಅಧ್ಯಕ್ಷರು ಗಡ್ಡ ಕೆರೆದುಕೊಂಡರು. "ಆತು. ಹಂಗಾರ ಬಂದ ಸಸಿ ಎಲ್ಲಿ ಹಚ್ಚೂನು?"

ಅದು ನ್ಯಾಯವಾದ ಪ್ರಶ್ನೆ. ನಾವು ಅದಕ್ಕೂ ತಯಾರಾಗಿದ್ದೆವು. ಸಾಲಿಯ ಸುತ್ತ, ಕೆರೆಯ ಏರಿಯ ಹೊರಬದಿಗೆ, ಊರಿಗೆ ಬರುವ ರಸ್ತೆಯ ಎರಡೂ ಬಾಜೂ ಜಾಗವಿತ್ತು. ಪ್ರೊಫೆಸರ್ ಯಾವ ಸಸಿ ಎಲ್ಲಿಗೆ ಎಂದು ಹೇಳಿದರು. ಕೆಳಗಿನ ಅಂಚಿನಲ್ಲಿ ಆಗಲೇ ತೋಡಿದ್ದ ಗುಂಡಿಗಳಿಗೂ ಸಸಿ ಬೀಳಲಿ ಎಂದು ಕೆಲವರು ಹಟ ಹಿಡಿದರು, ಅದನ್ನು ಒಪ್ಪಿಕೊಂಡೆವು. ಉಳಿದ ಮಡ್ಡಿಗೆ ಯಂತ್ರ ಹತ್ತಿಸುವುದಿಲ್ಲವೆಂದು ಮಾತಾಯಿತು; ಅದನ್ನು ಠರಾವಾಗಿ, ಪಂಚಾಯ್ತಿಯ ನಿರ್ಣಯವಾಗಿ ಬರೆಯುವುದೊಂದೇ ಉಳಿದಿತ್ತು. ಆದರೆ ಅಧ್ಯಕ್ಷರು ಸಭೆ ಮುಗಿಸಲಿಲ್ಲ. "ಎಲ್ಲಾರೂ ನೋಡೀರಿ, ನಾ ಒಬ್ಬಾಂವ ನೋಡಿಲ್ಲ. ನಾಳೆ ಮುಂಜಾನೆ ಮಡ್ಡಿ ಮ್ಯಾಲೆ ಹೋಗೂನು. ಅಲ್ಲೇ ಠರಾವು ಮಾಡೂನು."

ಮುಂಜಾನೆ ಅರ್ಧ ಊರೇ ಮಡ್ಡಿ ಹತ್ತಿತು. ಮಳೆ ತೊಳೆದ ಕಲ್ಲುಗಳ ನಡುವೆ ಹೊನ್ನಂಬರಿ ಮೈತುಂಬ ಹಳದಿಯಾಗಿ ನಿಂತಿತ್ತು. ಅಧ್ಯಕ್ಷರು ತೊಳೆದು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಬಂದಿದ್ದರು. ಒಂದು ಕಂಟಿಯ ಹತ್ತಿರ ಬಗ್ಗಿ, ಹುಳ ಕುಳಿತ ಹೂವಿಗೆ ಮುಖವನ್ನೇ ಒಡ್ಡಿ ನಿಂತರು. ಗುಂಗಿಹುಳ ಹೂವನ್ನು ತಬ್ಬಿ ನಡುಗಿತು, ಸದ್ದು ಏರಿತು, ಪರಾಗ ಪುಸ್ ಎಂದು ಚಿಮ್ಮಿ ಅವರ ಮೀಸೆ, ಅಂಗಿಯ ಎದೆ ಎಲ್ಲ ಹಳದಿಯಾಯಿತು. ಅವರು ಕಣ್ಣು ಮಿಟುಕಿಸುತ್ತ ನೆಟ್ಟಗಾದರು. ಅಂಗಿಯನ್ನು ಝಾಡಿಸಲು ಯಾರೋ ಕೈ ಚಾಚಿದರೆ ಬೇಡವೆಂದು ತಡೆದರು.

"ಕಾರ್ಯದರ್ಶಿಗಳ, ಠರಾವು ಬರೀರಿ," ಎಂದರು. ಕಾರ್ಯದರ್ಶಿ ಪೆನ್ನು ತೆಗೆದು ಏನೆಂದು ಬರೆಯಲಿ ಎಂದು ಕೇಳಿದಾಗ ಅವರು ತುಸು ಯೋಚಿಸಿ, ಮೀಸೆಯಂಚಿನಲ್ಲಿ ನಕ್ಕು ಹೇಳಿದರು: "ಈ ಮಡ್ಡಿ ಖಾಲಿ ಜಾಗಾ ಅಲ್ಲ, ಇಲ್ಲಿ ಮಂದಿ ಅದಾರ ಅಂತ ಬರೀರಿ."